ಬೇಲಿಯ ಎರಡೂ ಬದಿಯ ರಕ್ಷಣೆ: ಕಾಕ್ಸ್ ಬಜಾರಿನ ಸಮನ್ವಯ ವ್ಯವಸ್ಥೆಯ ಕುರಿತು ಒಂದು ಟಿಪ್ಪಣಿ

ಬಾಂಗ್ಲಾದೇಶದ ಆಗ್ನೇಯ ತುದಿಯಲ್ಲಿ ಕಾಕ್ಸ್ ಬಜಾರ್ ಜಿಲ್ಲೆ ಇದೆ. ಅದರ ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲ್ಲೆಗಳಲ್ಲಿ 2011ರ ಜನಗಣತಿಯ ಪ್ರಕಾರ ಇದ್ದವರು ಸುಮಾರು 4.7 ಲಕ್ಷ ಜನ. 2017ರ ಆಗಸ್ಟ್ 25ರ ನಂತರದ ಕೆಲವೇ ತಿಂಗಳುಗಳಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿ ಇಲ್ಲಿಗೆ ಬಂದರು. 1978, 1991–92 ಮತ್ತು 2016ರಲ್ಲಿ ಬಂದು ಉಳಿದುಕೊಂಡವರನ್ನೂ ಸೇರಿಸಿದರೆ ನಿರಾಶ್ರಿತರ ಸಂಖ್ಯೆ ಸ್ಥಳೀಯರ ಸಂಖ್ಯೆಯನ್ನು ಮೀರಿತು. ಬಂದವರೂ ಬಡವರು, ಜಾಗ ಕೊಟ್ಟವರಲ್ಲಿ ಬಹುಪಾಲು ಜನರೂ ಬಡವರೇ. ಇಬ್ಬರ ರಕ್ಷಣೆಯನ್ನೂ ಒಂದೇ ಕೆಲಸವಾಗಿ ನಡೆಸಲು ಅಲ್ಲಿನ ಸಮನ್ವಯ ವ್ಯವಸ್ಥೆಗೆ ಎಷ್ಟರಮಟ್ಟಿಗೆ ಸಾಧ್ಯವಾಗಿದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಇಲ್ಲಿ ರಕ್ಷಣೆ ಎಂದರೆ ಪೊಲೀಸ್ ಪಹರೆಯಷ್ಟೇ ಅಲ್ಲ. ಗುರುತಿನ ದಾಖಲೆ, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ಆಸರೆ, ಹೆತ್ತವರಿಂದ ಬೇರೆಯಾದ ಮಕ್ಕಳ ಪಾಲನೆ, ಮಾನವ ಕಳ್ಳಸಾಗಣೆಗೆ ತಡೆ, ಕಾನೂನಿನ ನೆರವು ಇವೆಲ್ಲ ಅದರಲ್ಲಿ ಸೇರುತ್ತವೆ. ನೆರವನ್ನು ಪಾಲು ಮಾಡಿ ಹಂಚಿದ ಕಡೆ ರಕ್ಷಣೆ ಕಡಿಮೆ ದಕ್ಕಿದೆ, ಇಬ್ಬರಿಗೂ ತಟ್ಟುವ ಅಪಾಯವನ್ನೇ ಹಿಡಿದು ಕೆಲಸ ಮಾಡಿದ ಕಡೆ ಹೆಚ್ಚು ದಕ್ಕಿದೆ ಎಂಬುದು ನನ್ನ ವಾದ.

ಎರಡು ಕಚೇರಿಗಳು, ಒಂದು ನೆಲ

ಭಾರತದಂತೆ ಬಾಂಗ್ಲಾದೇಶವೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಸರ್ಕಾರಿ ಕಡತಗಳಲ್ಲಿ ರೋಹಿಂಗ್ಯಾಗಳು ನಿರಾಶ್ರಿತರಲ್ಲ, 'ಬಲವಂತವಾಗಿ ನೆಲೆ ಕಳೆದುಕೊಂಡ ಮ್ಯಾನ್ಮಾರ್ ಪ್ರಜೆಗಳು'. ಹೀಗಾಗಿ ಅವರ ಸ್ಥಾನಮಾನವನ್ನು ಕಾನೂನಿಗಿಂತ ಹೆಚ್ಚಾಗಿ ಆಡಳಿತದ ಆದೇಶಗಳು ನಿರ್ಧರಿಸುತ್ತವೆ. ಶಿಬಿರಗಳ ಹೊಣೆ ವಿಪತ್ತು ನಿರ್ವಹಣಾ ಸಚಿವಾಲಯದ ಅಡಿಯಲ್ಲಿರುವ ನಿರಾಶ್ರಿತರ ಪರಿಹಾರ ಮತ್ತು ವಾಪಸಾತಿ ಆಯುಕ್ತರದು. ಪ್ರತಿ ಶಿಬಿರಕ್ಕೂ ಅವರ ಕೈಕೆಳಗಿನ ಉಸ್ತುವಾರಿ ಅಧಿಕಾರಿ ಇರುತ್ತಾರೆ. ಶಿಬಿರದ ಗಡಿಯಾಚೆಗಿನ ಹಳ್ಳಿಗಳು ಜಿಲ್ಲಾಧಿಕಾರಿಯ ವ್ಯಾಪ್ತಿಗೆ ಸೇರುತ್ತವೆ.

ವಿಶ್ವಸಂಸ್ಥೆಯ ಕಡೆಯ ಏರ್ಪಾಡೂ ಹೀಗೆಯೇ ಹೋಳಾಗಿತ್ತು. 1990ರ ದಶಕದಿಂದ ಇದ್ದ ಕುತುಪಾಲೊಂಗ್ ಮತ್ತು ನಯಾಪಾರಾ ಎಂಬ ಎರಡು ನೋಂದಾಯಿತ ಶಿಬಿರಗಳನ್ನು ಅದರ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ನೋಡಿಕೊಳ್ಳುತ್ತಿತ್ತು. 2013ರ ರಾಷ್ಟ್ರೀಯ ಕಾರ್ಯತಂತ್ರದ ಪ್ರಕಾರ ನೋಂದಣಿಯಿಲ್ಲದವರಿಗೆ ಸಂಬಂಧಿಸಿದ ಸಮನ್ವಯ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ಪಾಲಿಗೆ ಬಂದಿತ್ತು. 2017ರಲ್ಲಿ ನಿರಾಶ್ರಿತರು ಪ್ರವಾಹದಂತೆ ಬಂದಾಗ ಈ ಹಳೆಯ ಏರ್ಪಾಡಿನ ಮೇಲೆಯೇ ಹೊಸದನ್ನು ಕಟ್ಟಬೇಕಾಯಿತು. ವಿಪತ್ತಿನ ಕಾಲದಲ್ಲಿ ನೆರವಿನ ಒಂದೊಂದು ವಲಯವನ್ನು ಒಂದೊಂದು ಸಂಸ್ಥೆಗೆ ವಹಿಸುವ ಕ್ಲಸ್ಟರ್ ಪದ್ಧತಿಯೂ ಬರಲಿಲ್ಲ, ನಿರಾಶ್ರಿತರ ವಿಷಯದಲ್ಲಿ ಯುಎನ್‌ಎಚ್‌ಸಿಆರ್ ಒಂದೇ ಮುಂದಾಳಾಗುವ ರೂಢಿಯೂ ನಡೆಯಲಿಲ್ಲ. ಢಾಕಾದಲ್ಲಿ ವಿಶ್ವಸಂಸ್ಥೆಯ ಸ್ಥಾನಿಕ ಸಮನ್ವಯಾಧಿಕಾರಿ ಹಾಗೂ ಈ ಎರಡು ಸಂಸ್ಥೆಗಳ ಮುಖ್ಯಸ್ಥರು ಜಂಟಿಯಾಗಿ ನಡೆಸುವ ಕಾರ್ಯತಂತ್ರ ಮಂಡಳಿ, ಕಾಕ್ಸ್ ಬಜಾರಿನಲ್ಲಿ ವಲಯಗಳ ನಡುವಿನ ಸಮನ್ವಯ ಗುಂಪು, ಹೀಗೆ ಎರಡು ಹಂತಗಳು ರೂಪುಗೊಂಡವು. ರಕ್ಷಣಾ ವಲಯದ ಮುಂದಾಳತ್ವ ಯುಎನ್‌ಎಚ್‌ಸಿಆರ್‌ನದಾಯಿತು. ಅದರೊಳಗೆ ಮಕ್ಕಳ ರಕ್ಷಣೆಯನ್ನು ಯುನಿಸೆಫ್, ಲಿಂಗಾಧಾರಿತ ಹಿಂಸೆಯ ತಡೆಯನ್ನು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯಾದ ಯುಎನ್‌ಎಫ್‌ಪಿಎ, ಕಳ್ಳಸಾಗಣೆ ತಡೆಯನ್ನು ವಲಸೆ ಸಂಸ್ಥೆ ವಹಿಸಿಕೊಂಡವು.

ಶಿಬಿರದ ಒಳಗೆ ಈ ಏರ್ಪಾಡು ಮಾಡಿದ ಕೆಲಸ ದೊಡ್ಡದು. 2018ರ ಜೂನ್‌ನಲ್ಲಿ ಶುರುವಾದ ಸರ್ಕಾರ ಮತ್ತು ಯುಎನ್‌ಎಚ್‌ಸಿಆರ್‌ನ ಜಂಟಿ ನೋಂದಣಿಯಿಂದ ಲಕ್ಷಾಂತರ ಜನರ ಕೈಗೆ ಬದುಕಿನಲ್ಲಿ ಮೊದಲ ಬಾರಿಗೆ ಗುರುತಿನ ಚೀಟಿ ಬಂತು. ಆದರೆ ಹಳ್ಳಿಯ ಹೆಣ್ಣುಮಗಳ ದೂರು, ಮೀನುಗಾರನ ಮಗನ ನಾಪತ್ತೆ ಪ್ರಕರಣ, ಕೂಲಿ ಕಳೆದುಕೊಂಡವನ ಅಹವಾಲು ಇದೇ ವ್ಯವಸ್ಥೆಯ ಬಾಗಿಲಿಗೆ ಬರುವ ದಾರಿ ಸರಿಯಾಗಿ ಇರಲಿಲ್ಲ.

ಪಾಲಿನ ಲೆಕ್ಕ

2018ರ ಮಾರ್ಚ್‌ನಲ್ಲಿ ಪ್ರಕಟವಾದ ಮೊದಲ ಜಂಟಿ ಪ್ರತಿಸ್ಪಂದನಾ ಯೋಜನೆ 95.1 ಕೋಟಿ ಡಾಲರ್ ಕೇಳಿತು. ಅದರ ಗುರಿಯಲ್ಲಿ ಸುಮಾರು 8.84 ಲಕ್ಷ ನಿರಾಶ್ರಿತರ ಜೊತೆಗೆ 3.36 ಲಕ್ಷ ಸ್ಥಳೀಯರೂ ಇದ್ದರು. ನಿರಾಶ್ರಿತರಿಗಾಗಿ ಬರುವ ಹಣದ ಕಾಲು ಭಾಗ ಸ್ಥಳೀಯರಿಗೆ ಸಲ್ಲಬೇಕೆಂಬ ನಿಲುವನ್ನು ಬಾಂಗ್ಲಾದೇಶ ಸರ್ಕಾರ ತಳೆಯಿತು. ಈ ಬೇಡಿಕೆಯ ಹಿಂದಿನ ನೋವು ನಿಜವಾದದ್ದು. ದಿನಗೂಲಿ ಕುಸಿದಿತ್ತು, ಸಾಮಾನಿನ ಬೆಲೆ ಏರಿತ್ತು. ಕಾಡು ಕರಗಿತ್ತು, ರಸ್ತೆಗಳು ಲಾರಿಗಳ ಭಾರಕ್ಕೆ ಕಿತ್ತುಹೋಗಿದ್ದವು. ನೆರವು ಸಂಸ್ಥೆಗಳ ಸಂಬಳಕ್ಕಾಗಿ ಓದು ಬಿಟ್ಟ ಕಾಲೇಜು ಹುಡುಗರೂ ಇದ್ದರು.

ಆದರೆ ಪಾಲಿನ ಲೆಕ್ಕದಿಂದ ಎರಡು ತೊಡಕುಗಳು ಹುಟ್ಟಿದವು. ಒಂದು, ಶೇಕಡಾವಾರು ಲೆಕ್ಕ ತುಂಬಿಸುವುದಕ್ಕೆ ಕಣ್ಣಿಗೆ ಕಾಣುವ, ಬೇಗ ಮುಗಿಯುವ ಕೆಲಸಗಳೇ ಅನುಕೂಲ. ಕೊಳವೆಬಾವಿ ಕೊರೆಸಬಹುದು, ಶೌಚಾಲಯ ಕಟ್ಟಿಸಬಹುದು. ಕಾನೂನು ನೆರವಿನ ಕೇಂದ್ರವನ್ನೋ ಹಿಂಸೆಗೊಳಗಾದ ಹೆಂಗಸರ ಆಪ್ತಸಮಾಲೋಚನೆಯನ್ನೋ ವರ್ಷಗಟ್ಟಲೆ ನಡೆಸಬೇಕಾಗುತ್ತದೆ. ಸ್ವಯಂಸೇವಾ ಸಂಸ್ಥೆಗಳಿಗೆ ಶಿಬಿರದ ತುರ್ತು ಕೆಲಸಕ್ಕೆ ಸಿಗುತ್ತಿದ್ದ ಅನುಮತಿಯಾದರೋ ಕೆಲವೇ ತಿಂಗಳುಗಳ ಅವಧಿಯದು. ಎರಡು, ಪಾಲು ಕೇಳುವ ಸ್ಥಾನದಲ್ಲಿ ನಿಂತ ಸ್ಥಳೀಯ ಬಡವ, ನಿರಾಶ್ರಿತನಿಗೆ ಬಂದದ್ದೆಲ್ಲ ತನಗೆ ತಪ್ಪಿದ್ದು ಎಂದು ನೋಡುವಂತಾಯಿತು. ಇಬ್ಬರನ್ನೂ ಹತ್ತಿರ ತರಬೇಕಾದ ಹಣ ಅವರ ನಡುವಿನ ಅಸಮಾಧಾನವನ್ನು ಬೆಳೆಸಿತು.

ಅಪಾಯವನ್ನೇ ಹಿಡಿದ ಮೂರು ಕೆಲಸಗಳು

ಮೊದಲನೆಯದು ಸೌದೆಯ ವಿಷಯ. ಆರಂಭದ ವರ್ಷದಲ್ಲಿ ಶಿಬಿರಗಳ ಒಲೆಗೆ ದಿನಕ್ಕೆ ನೂರಾರು ಟನ್ ಸೌದೆ ಬೇಕಾಗುತ್ತಿತ್ತು. ಸೌದೆಗೆ ಹೋಗುತ್ತಿದ್ದವರಲ್ಲಿ ಹೆಂಗಸರು ಮತ್ತು ಮಕ್ಕಳು ಬಹಳ ಮಂದಿ. ಕಾಡಿನಲ್ಲಿ ಅವರಿಗೆ ಲೈಂಗಿಕ ದೌರ್ಜನ್ಯದ ಭಯ, ಸ್ಥಳೀಯರೊಡನೆ ಜಗಳ, ಆನೆಯ ಭಯ. ಕುತುಪಾಲೊಂಗ್ ಶಿಬಿರ ಹಬ್ಬಿದ್ದೇ ಏಷ್ಯಾದ ಆನೆಗಳು ಓಡಾಡುವ ದಾರಿಯ ಮೇಲೆ. ಮೊದಲ ಕೆಲವು ತಿಂಗಳುಗಳಲ್ಲೇ ಹತ್ತಕ್ಕೂ ಹೆಚ್ಚು ನಿರಾಶ್ರಿತರು ಆನೆ ತುಳಿತಕ್ಕೆ ಸತ್ತರು. 2018ರಿಂದ ಅಡುಗೆ ಅನಿಲದ ಸಿಲಿಂಡರುಗಳ ವಿತರಣೆ ಶುರುವಾಯಿತು. ಶಿಬಿರದ ಕುಟುಂಬಗಳ ಜೊತೆಗೆ ಸುತ್ತಲಿನ ಹಳ್ಳಿಗಳ ಬಡ ಕುಟುಂಬಗಳಿಗೂ ಸಿಲಿಂಡರು ಕೊಟ್ಟರು. ನಿರಾಶ್ರಿತರ ಮನೆಗಳಲ್ಲಿ ಸೌದೆಯ ಬೇಡಿಕೆ ಸುಮಾರು ಶೇ. 80ರಷ್ಟು ಇಳಿಯಿತು. ಗುಡ್ಡಗಳಲ್ಲಿ ಮತ್ತೆ ಗಿಡ ನೆಡಲು ಸಾಧ್ಯವಾಯಿತು. ಕಾವಲು ಗೋಪುರ ಕಟ್ಟಿ, ನಿರಾಶ್ರಿತ ಸ್ವಯಂಸೇವಕರಿಗೆ ಆನೆಯನ್ನು ಕೆರಳಿಸದೆ ಹಿಂದಕ್ಕೆ ಕಳಿಸುವ ತರಬೇತಿಯನ್ನೂ ಕೊಟ್ಟರು. ಕಡತದಲ್ಲಿ ಅನಿಲ ಇಂಧನ ವಿಭಾಗದ ಲೆಕ್ಕಕ್ಕೆ ಬರುತ್ತದೆ. ಹೆಣ್ಣುಮಕ್ಕಳ ಪಾಲಿಗೆ ಅದು ಆ ವರ್ಷಗಳ ಬಹು ಮುಖ್ಯ ರಕ್ಷಣಾ ಕೆಲಸ. ಹಳ್ಳಿಯವರಿಗೆ ಕಾಡು ಉಳಿದದ್ದೂ ಅದರಿಂದಲೇ.

ಎರಡನೆಯದು ಚಂಡಮಾರುತದ ಮುನ್ನೆಚ್ಚರಿಕೆ. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ 1970ರ ನವೆಂಬರ್‌ನ ಭೋಲಾ ಚಂಡಮಾರುತದ ನಂತರ ಬಾಂಗ್ಲಾದೇಶ ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸೇರಿ ಕರಾವಳಿಯಲ್ಲಿ ಸ್ವಯಂಸೇವಕರ ಪಡೆ ಕಟ್ಟಿದವು. ಬಾವುಟ ಏರಿಸಿ, ಧ್ವನಿವರ್ಧಕದಲ್ಲಿ ಸಾರಿ, ಮುದುಕರನ್ನೂ ಮಕ್ಕಳನ್ನೂ ಸುರಕ್ಷಿತ ಜಾಗಕ್ಕೆ ಕರೆದೊಯ್ಯುವ ಈ ಪದ್ಧತಿಯನ್ನು 2018ರಿಂದ ಶಿಬಿರಗಳಿಗೂ ವಿಸ್ತರಿಸಲಾಯಿತು. ಊರಿನವರು ದಶಕಗಳಿಂದ ಕಲಿತ ವಿದ್ಯೆಯನ್ನು ಶಿಬಿರದ ಯುವಕ ಯುವತಿಯರೂ ಕಲಿತರು. 2023ರ ಮೇ 14ರಂದು ಮೋಖಾ ಚಂಡಮಾರುತ ಹತ್ತಿರದಲ್ಲೇ ಹಾದುಹೋದಾಗ ಸಾವಿರಾರು ಬಿದಿರು ಗುಡಿಸಲುಗಳು ಹಾಳಾದರೂ ಶಿಬಿರಗಳಲ್ಲಿ ದೊಡ್ಡ ಸಾವುನೋವು ಆಗಲಿಲ್ಲ. ಚಂಡಮಾರುತದ ಮುಖ್ಯ ಹೊಡೆತ ಮ್ಯಾನ್ಮಾರ್ ಕಡೆಗೆ ಬಿದ್ದದ್ದೂ ಇದಕ್ಕೆ ಕಾರಣ. ಆದರೂ ಎಚ್ಚರಿಕೆ ಗುಡಿಸಲುಗಳಿಗೆ ಮುಟ್ಟುವಂತಾದುದು ಸಣ್ಣ ಸಾಧನೆಯಲ್ಲ.

ಮೂರನೆಯದು ಕಳ್ಳಸಾಗಣೆ. ಇಲ್ಲಿ ಅಪಾಯ ಒಂದೇ ಆಗಿದ್ದರೂ ಕೆಲಸ ಅರ್ಧಕ್ಕೆ ನಿಂತಿದೆ. 2015ರ ಮೇ ತಿಂಗಳಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾದ ಗಡಿಕಾಡುಗಳಲ್ಲಿ ಸಾಮೂಹಿಕ ಗೋರಿಗಳು ಸಿಕ್ಕವು. ಅದೇ ಹೊತ್ತಿಗೆ ಅಂಡಮಾನ್ ಸಮುದ್ರದಲ್ಲಿ ಸಿಕ್ಕಿಬಿದ್ದ ದೋಣಿಗಳಲ್ಲಿ ರೋಹಿಂಗ್ಯಾಗಳ ಜೊತೆ ಬಾಂಗ್ಲಾದೇಶದ ಬಡವರೂ ಇದ್ದರು. ಟೆಕ್ನಾಫ್ ಕರಾವಳಿಯ ದಲ್ಲಾಳಿಗೆ ಇಬ್ಬರೂ ಒಂದೇ. 2017ರಲ್ಲಿ ನಾಫ್ ನದಿಯಲ್ಲಿ ಮೀನುಗಾರಿಕೆ ನಿಷೇಧವಾದ ಮೇಲೆ ಹೊಟ್ಟೆಪಾಡು ಕಳೆದುಕೊಂಡ ಬೆಸ್ತರ ಕುಟುಂಬಗಳೂ ದಲ್ಲಾಳಿಯ ಆಮಿಷಕ್ಕೆ ಸುಲಭ ಗುರಿಯಾದವು. ಬಾಂಗ್ಲಾದೇಶದ 2012ರ ಕಳ್ಳಸಾಗಣೆ ತಡೆ ಕಾಯ್ದೆ ಒಳ್ಳೆಯ ಕಾಯ್ದೆ. 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಕಾಣುವ 2013ರ ಮಕ್ಕಳ ಕಾಯ್ದೆ ಉಪಜಿಲ್ಲೆಯ ಮಟ್ಟದಲ್ಲಿ ಮಕ್ಕಳ ಕಲ್ಯಾಣ ಮಂಡಳಿಗಳಿಗೂ ಅವಕಾಶ ಮಾಡಿದೆ. ಶಿಬಿರದ ರಕ್ಷಣಾ ಕಾರ್ಯಕರ್ತರೂ ಈ ಮಂಡಳಿಗಳೂ ಒಂದೇ ಮೇಜಿನ ಸುತ್ತ ಕೂತು ನಾಪತ್ತೆಯಾದ ಮಕ್ಕಳ ಪಟ್ಟಿಯನ್ನು ಹೋಲಿಸಿ ನೋಡುವುದು ವಾಡಿಕೆಯಾಗಬೇಕಿತ್ತು. ಎರಡು ಕಚೇರಿಗಳ ನಡುವಿನ ಅಂತರ ಹೆಚ್ಚು ಹಾನಿ ಮಾಡಿದ್ದು ಇಲ್ಲಿಯೇ.

ಬೇಲಿ ಮತ್ತು ಪಡಿತರ

ವಿರುದ್ಧ ದಿಕ್ಕಿನ ಎರಡು ನಿದರ್ಶನಗಳನ್ನೂ ನೋಡಬೇಕು. ಭದ್ರತೆಯ ಕಾರಣ ಹೇಳಿ ಶಿಬಿರಗಳ ಸುತ್ತ ಮುಳ್ಳುತಂತಿ ಬೇಲಿ ಹಾಕಲಾಯಿತು. 2021ರ ಮಾರ್ಚ್ 22ರಂದು ಬಾಲುಖಾಲಿ ಕಡೆ ಬೆಂಕಿ ಬಿದ್ದಾಗ 15 ಜನ ಸತ್ತರು, ಸುಮಾರು 45,000 ಜನ ಸೂರು ಕಳೆದುಕೊಂಡರು. ಓಡಿ ಪಾರಾಗಲು ಬೇಲಿ ಅಡ್ಡಿಯಾಯಿತೆಂದು ಬದುಕಿ ಉಳಿದವರು ಹೇಳಿದರು. ಬೇಲಿಯಿಂದ ಶಿಬಿರದೊಳಗಿನ ಹಿಂಸೆಯೂ ನಿಲ್ಲಲಿಲ್ಲ. ರೋಹಿಂಗ್ಯಾ ಮುಖಂಡ ಮೊಹಿಬ್ ಉಲ್ಲಾ ಅವರನ್ನು ಅದೇ ವರ್ಷ ಸೆಪ್ಟೆಂಬರ್ 29ರಂದು ಶಿಬಿರದೊಳಗೇ ಗುಂಡಿಟ್ಟು ಕೊಂದರು.

ಇನ್ನೊಂದು ಪಡಿತರದ ಕಡಿತ. ಹಣದ ಕೊರತೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ಒಬ್ಬರಿಗೆ ತಿಂಗಳಿಗೆ ಕೊಡುತ್ತಿದ್ದ 12 ಡಾಲರ್ ಪಡಿತರವನ್ನು 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ಮುಂದಿನ ವರ್ಷ ಮತ್ತೆ ಏರಿಸಿತು. ಕಡಿತವನ್ನು ಆಹಾರ ವಲಯದ ಲೆಕ್ಕವೆಂದು ಮಾತ್ರ ನೋಡಿದರೆ ಅರ್ಧ ಸತ್ಯವಷ್ಟೇ ಕಾಣುತ್ತದೆ. ಹಸಿದ ಮನೆ ಮಗನನ್ನು ಕೂಲಿಗೆ ಕಳಿಸುತ್ತದೆ, ಮಗಳನ್ನು ಬೇಗ ಮದುವೆ ಮಾಡುತ್ತದೆ, ಕೊನೆಗೆ ದಲ್ಲಾಳಿಯ ದೋಣಿ ಹತ್ತುತ್ತದೆ. ಶಿಬಿರದಿಂದ ಬಂದವರು ಕಡಿಮೆ ಕೂಲಿಗೆ ದುಡಿದರೆ ಹಳ್ಳಿಯ ಕೂಲಿಕಾರನ ಗಳಿಕೆಯೂ ಇಳಿಯುತ್ತದೆ. ಯುಎನ್‌ಎಚ್‌ಸಿಆರ್ ಲೆಕ್ಕದಂತೆ 2023ರಲ್ಲಿ ಬಂಗಾಳ ಕೊಲ್ಲಿ ಮತ್ತು ಅಂಡಮಾನ್ ಸಮುದ್ರದ ದಾರಿ ಹಿಡಿದ ಸುಮಾರು 4,500 ರೋಹಿಂಗ್ಯಾಗಳಲ್ಲಿ 569 ಮಂದಿ ಸತ್ತರು ಅಥವಾ ಕಾಣೆಯಾದರು. ಇವರೆಲ್ಲ ಪಡಿತರ ಕಡಿತದ ಕಾರಣಕ್ಕೇ ಹೊರಟರೆಂದು ಹೇಳಲಾಗದು. ಆದರೆ ಪಡಿತರದ ನಿರ್ಧಾರ ಕೈಗೊಳ್ಳುವ ಸಭೆಯಲ್ಲಿ ರಕ್ಷಣಾ ವಲಯಕ್ಕೂ ಹಳ್ಳಿಯ ಪ್ರತಿನಿಧಿಗಳಿಗೂ ಮಾತಿರಬೇಕು ಎಂಬುದನ್ನು ಆ ವರ್ಷ ಕಲಿಸಿತು.

ತೀರ್ಮಾನ

ಕೆಲಸ ಇನ್ನಷ್ಟು ಕಠಿಣವಾಗುತ್ತಿದೆ. 2025ರ ಮಾರ್ಚ್‌ನಲ್ಲಿ ಪ್ರಕಟವಾದ ಜಂಟಿ ಪ್ರತಿಸ್ಪಂದನಾ ಯೋಜನೆ ಮೊದಲ ವರ್ಷಕ್ಕೆ 93.45 ಕೋಟಿ ಡಾಲರ್ ಕೇಳಿತು. ಅದರ ಗುರಿಯಲ್ಲಿದ್ದ ಜನ 14.8 ಲಕ್ಷ. ರಖೈನ್‌ನಲ್ಲಿ ಮತ್ತೆ ಭುಗಿಲೆದ್ದ ಯುದ್ಧದಿಂದಾಗಿ 2025ರ ಜುಲೈವರೆಗಿನ ಹದಿನೆಂಟು ತಿಂಗಳಲ್ಲಿ ಇನ್ನೂ ಸುಮಾರು 1.5 ಲಕ್ಷ ಜನ ಬಂದಿದ್ದಾರೆ. ಜನ ಹೆಚ್ಚುತ್ತಿರುವಾಗ, ದೊಡ್ಡ ದಾನಿ ದೇಶಗಳು ಕೈ ಬಿಗಿಹಿಡಿದಿರುವಾಗ ಪಾಲಿನ ಜಗಳ ಇನ್ನಷ್ಟು ಬಲಿಯುವ ಸಂಭವವಿದೆ.

ಆದ್ದರಿಂದ ಮೂರು ಮಾತು. ಶಿಬಿರ ಆಯುಕ್ತರ ಕಚೇರಿ ಮತ್ತು ಜಿಲ್ಲಾಧಿಕಾರಿ ಕಚೇರಿ ಎರಡೂ ಸೇರಿ ಉಖಿಯಾ ಮತ್ತು ಟೆಕ್ನಾಫ್‌ಗೆ ಒಂದೇ ರಕ್ಷಣಾ ಸಭೆ ನಡೆಸಬೇಕು, ಅದರಲ್ಲಿ ರೋಹಿಂಗ್ಯಾ ಹೆಂಗಸರಿಗೂ ಹಳ್ಳಿಯ ಹೆಂಗಸರಿಗೂ ಕುರ್ಚಿ ಇರಬೇಕು. ಕಾನೂನು ನೆರವು, ಹಿಂಸೆಗೊಳಗಾದವರ ಆರೈಕೆ, ಮಕ್ಕಳ ಪಾಲನೆ ಇವುಗಳಿಗೆ ಅನುಮತಿಯೂ ಹಣವೂ ವರ್ಷಗಳ ಅವಧಿಗೆ ಸಿಗಬೇಕು. ಸ್ಥಳೀಯರಿಗೆ ಸಲ್ಲುವ ಪಾಲನ್ನು ಕಡಿಮೆ ಮಾಡದೆ, ಅದರ ಯಶಸ್ಸನ್ನು ಖರ್ಚಾದ ಹಣದಿಂದ ಅಳೆಯುವ ಬದಲು ತಪ್ಪಿದ ಅಪಾಯದಿಂದ ಅಳೆಯಬೇಕು. ರೋಹಿಂಗ್ಯಾಗಳು ಗೌರವದಿಂದ ತಾಯ್ನಾಡಿಗೆ ಮರಳುವ ದಿನ ಬರಲೇಬೇಕು. ಅಲ್ಲಿಯವರೆಗೆ ಈ ಎರಡು ಬಡ ಸಮುದಾಯಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಕಾಪಾಡಲು ಆಗದು. ಮುಂದಿನ ಯೋಜನೆಯ ಕರಡು ಬರೆಯುವವರು ಫಲಾನುಭವಿಗಳ ಎರಡು ಪಟ್ಟಿ ಮಾಡುವ ಮೊದಲು ಅಪಾಯಗಳ ಒಂದು ಪಟ್ಟಿ ಮಾಡಲಿ.