ನಾಳೆಯ ಕರೆಂಟಿನ ಲೆಕ್ಕ: ಕರ್ನಾಟಕದಲ್ಲಿ ವಿದ್ಯುತ್ ಮುನ್ನಂದಾಜಿನ ಚರಿತ್ರೆ

1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿ ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಂದು ಬೇಡಿಕೆ ಎಷ್ಟೆಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಗಿರಾಕಿ ಎಂದರೆ ಗಣಿ ಒಂದೇ. ಅದಕ್ಕೆಷ್ಟು ಬೇಕೆಂಬುದು ಕರಾರಿನಲ್ಲೇ ಬರೆದಿತ್ತು. ಗೊತ್ತಿರದಿದ್ದುದು ಹೊಳೆಯ ಕಡೆಯ ಲೆಕ್ಕ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಟರ್ಬೈನೂ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಹೊರಟಾಗ ಮಂಡ್ಯ ಸೀಮೆಯ ಗದ್ದೆಗಳಷ್ಟೇ ಅಲ್ಲ, ಗಣಿಗೆ ವರ್ಷವಿಡೀ ತಪ್ಪದೆ ವಿದ್ಯುತ್ ಕೊಡುವ ಮಾತೂ ಮೈಸೂರು ಸರ್ಕಾರದ ಮನಸ್ಸಿನಲ್ಲಿತ್ತು.

1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, ಆಮೇಲೆ ಮನೆಗಳಿಗೆ, ಗಿರಣಿಗಳಿಗೆ. ಗಿರಾಕಿ ಸಾವಿರವಾದಾಗ ಕರಾರು ನೋಡಿ ಲೆಕ್ಕ ಹೇಳುವ ಕಾಲ ಮುಗಿಯಿತು. ಆದರೂ ಪೂರೈಕೆಯ ಕಡೆಯ ಲೆಕ್ಕ ಬಹುಕಾಲ ಮಳೆಯ ಲೆಕ್ಕವೇ ಆಗಿತ್ತು. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಸ್ಥಾವರ ಶುರುವಾಗುವವರೆಗೂ ರಾಜ್ಯ ಹೆಚ್ಚುಕಡಿಮೆ ಪೂರ್ತಿ ಜಲವಿದ್ಯುತ್ತನ್ನೇ ನಂಬಿತ್ತು. ಲಿಂಗನಮಕ್ಕಿ ಜಲಾಶಯದ ಪೂರ್ಣಮಟ್ಟ 1,819 ಅಡಿ. ಮಳೆಗಾಲ ಮುಗಿದಾಗ ನೀರು ಅದಕ್ಕಿಂತ ಎಷ್ಟು ಅಡಿ ಕೆಳಗೆ ನಿಂತಿದೆ ಎಂದು ತಿಳಿದರೆ ಬರುವ ಬೇಸಿಗೆಯ ಲೋಡ್ ಶೆಡ್ಡಿಂಗ್ ಎಷ್ಟೆಂದು ಊಹಿಸಬಹುದಿತ್ತು. ಇಂಜಿನಿಯರುಗಳ ಲೆಕ್ಕದಲ್ಲಿ ವರ್ಷ ಜೂನ್‌ನಲ್ಲಿ ಹುಟ್ಟಿ ಮೇನಲ್ಲಿ ಮುಗಿಯುತ್ತಿತ್ತು. ಪಂಚಾಂಗ ಬೇರೆ, ಜಲವರ್ಷ ಬೇರೆ.

ದೀರ್ಘಾವಧಿಯ ಮುನ್ನಂದಾಜಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಸ್ಥಾವರ ಕಟ್ಟಲು ಐದರಿಂದ ಹತ್ತು ವರ್ಷ ಬೇಕು, ಆದ್ದರಿಂದ ಹದಿನೈದು ವರ್ಷದ ಮುಂದಿನ ಬೇಡಿಕೆಯನ್ನು ಇಂದೇ ಹೇಳಬೇಕು. ಹಳೆಯ ಪದ್ಧತಿ ಸರಳವಾಗಿತ್ತು: ಹಿಂದಿನ ವರ್ಷಗಳ ಬೆಳವಣಿಗೆಯ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆಯುವುದು. 1987ರಲ್ಲಿ ರಾಜ್ಯ ಸರ್ಕಾರದ ದೀರ್ಘಾವಧಿ ಯೋಜನಾ ಸಮಿತಿ 2000ನೇ ಇಸವಿಗೆ ಕರ್ನಾಟಕಕ್ಕೆ 4,750 ಕೋಟಿ ಯೂನಿಟ್, 9,400 ಮೆಗಾವ್ಯಾಟ್ ಬೇಕಾದೀತು ಎಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರಿಗೆ ಈ ಅಂಕಿ ಒಪ್ಪಿಗೆಯಾಗಲಿಲ್ಲ. ಜನರಿಗೆ ಬೇಕಿರುವುದು ಯೂನಿಟ್ಟೋ, ಬೆಳಕೋ? ಬಚ್ಚಲಮನೆಗೆ ಬೇಕಾದದ್ದು ವಿದ್ಯುತ್ತೋ, ಬಿಸಿನೀರೋ? ಈ ಪ್ರಶ್ನೆಗಳನ್ನಿಟ್ಟುಕೊಂಡು ರೆಡ್ಡಿ ಮತ್ತು ಸಂಗಡಿಗರು ತಳದಿಂದ ಮೇಲಕ್ಕೆ ಎಣಿಸತೊಡಗಿದರು: ಎಷ್ಟು ಮನೆ, ಎಷ್ಟು ಬಲ್ಬು, ಎಷ್ಟು ಪಂಪ್‌ಸೆಟ್, ಬೆಂಗಳೂರಿನಲ್ಲಿ ಗೀಸರ್ ಇರುವ ಎ.ಇ.ಎಚ್. (ಆಲ್ ಎಲೆಕ್ಟ್ರಿಕ್ ಹೋಮ್) ಮನೆಗಳೆಷ್ಟು. ಗೀಸರ್ ಬದಲು ಸೌರ ಹೀಟರ್, ಮಾಮೂಲಿ ಬಲ್ಬಿನ ಬದಲು ಸಿ.ಎಫ್.ಎಲ್., ಹೊಲದಲ್ಲಿ ಉತ್ತಮ ಪಂಪು ಹಾಕಿದರೆ, ಎಲ್ಲ ಮನೆಗೂ ವಿದ್ಯುತ್ ಕೊಟ್ಟ ಮೇಲೂ 2000ಕ್ಕೆ 1,790 ಕೋಟಿ ಯೂನಿಟ್ ಮತ್ತು 4,000 ಮೆಗಾವ್ಯಾಟ್ ಸಾಕು ಎಂಬುದು ಅವರ ಉತ್ತರ. ‘ಡಿಫೆಂಡಸ್’ ಎಂಬ ಹೆಸರಿನ ಈ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಕೈಗಾ ಅಣುಸ್ಥಾವರದ ವಾದವಿವಾದ ಕಾವೇರಿದ್ದ ದಿನಗಳವು. ಅಂಕಿಗಳ ಜಗಳ ಬೇಗನೆ ರಾಜಕೀಯದ ಜಗಳವೂ ಆಯಿತು.

ಗೆದ್ದವರು ಯಾರು? ಬಲ್ಬು, ಪಂಪುಗಳನ್ನು ರೆಡ್ಡಿಯವರು ಹೇಳಿದ ವೇಗದಲ್ಲಿ ರಾಜ್ಯ ಬದಲಾಯಿಸಲಿಲ್ಲ, ಆದ್ದರಿಂದ ಅವರ ಅಂಕಿಗೆ ನ್ಯಾಯವಾದ ಪರೀಕ್ಷೆಯೇ ನಡೆಯಲಿಲ್ಲ. ಸಮಿತಿಯ 9,400 ಮೆಗಾವ್ಯಾಟ್ ಅನ್ನು ರಾಜ್ಯ ಮುಟ್ಟಿದ್ದು ಮಾತ್ರ 2000 ಕಳೆದು ಹತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಇಲ್ಲೊಂದು ತೊಡಕನ್ನು ಮರೆಯುವಂತಿಲ್ಲ. ದಾಖಲೆಯಲ್ಲಿ ಸಿಗುವುದು ಪೂರೈಸಿದ ವಿದ್ಯುತ್ತಿನ ಲೆಕ್ಕ. ಕರೆಂಟ್ ಹೋದ ಹೊತ್ತಿನಲ್ಲಿ ಎಷ್ಟು ಬೇಕಿತ್ತು ಎಂಬುದನ್ನು ಯಾವ ಮೀಟರೂ ಬರೆಯುವುದಿಲ್ಲ. ಬಡಿಸಿದ್ದನ್ನು ನೋಡಿ ಹಸಿವು ಅಳೆದಂತೆ ಅದು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ವಿದ್ಯುತ್ ಸಮೀಕ್ಷೆಗಳೂ ಎಡವಿವೆ. 2021-22ರಲ್ಲಿ ದೇಶದ ಗರಿಷ್ಠ ಬೇಡಿಕೆ 2,83,470 ಮೆಗಾವ್ಯಾಟ್ ಆದೀತೆಂದು 18ನೇ ಸಮೀಕ್ಷೆ ಹೇಳಿತ್ತು. 2017ರಲ್ಲಿ ಬಂದ 19ನೇ ಸಮೀಕ್ಷೆ ಅದನ್ನು 2,25,751ಕ್ಕೆ ಇಳಿಸಿತು. ಆ ವರ್ಷ ನಿಜಕ್ಕೂ ಕಂಡದ್ದು ಸುಮಾರು 2,03,000. ಕೋವಿಡ್‌ನ ಪಾಲು ಇದರಲ್ಲಿದೆ, ಹೌದು. ಆದರೆ ಮೊದಲ ಎರಡು ಅಂಕಿಗಳ ನಡುವಿನ ಕಂದಕಕ್ಕೆ ಆ ನೆಪ ಸಲ್ಲುವುದಿಲ್ಲ.

ಅತ್ತ ಅಲ್ಪಾವಧಿಯ ಮುನ್ನಂದಾಜಿಗೆ ಬೆಲೆ ಬಂದದ್ದು ಅದಕ್ಕೆ ಹಣದ ಗಂಟು ಬಿದ್ದ ಮೇಲೆ. 2003ರ ಜನವರಿಯಲ್ಲಿ ದಕ್ಷಿಣ ವಲಯಕ್ಕೆ ಹೊಸ ದರಪದ್ಧತಿ ಬಂತು. ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಎಷ್ಟು ವಿದ್ಯುತ್ ಎಳೆಯುತ್ತೇವೆಂದು ರಾಜ್ಯಗಳು ಹಿಂದಿನ ದಿನವೇ ಹೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ಎಳೆದರೆ, ಅದೂ ಗ್ರಿಡ್‌ನ ಆವರ್ತನ 50 ಹರ್ಟ್ಸ್‌ಗಿಂತ ಕುಸಿದ ಹೊತ್ತಿನಲ್ಲಿ, ಜೇಬಿಗೆ ಕತ್ತರಿ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದೊಡನೆ ಬೆಸೆಯಿತು. ಅಲ್ಲಿಂದ ಇಡೀ ದೇಶಕ್ಕೆ ಆವರ್ತನ ಒಂದೇ.

ಈ ಪದ್ಧತಿಗೆ ದೊಡ್ಡ ಪರೀಕ್ಷೆ ಎದುರಾದದ್ದು 2020ರ ಏಪ್ರಿಲ್ 5ರ ರಾತ್ರಿ. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಬೇಕೆಂದು ಪ್ರಧಾನಿ ಕರೆ ಕೊಟ್ಟಿದ್ದರು. ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು ಗ್ರಿಡ್ ನಿರ್ವಾಹಕರು ಎಣಿಸಿದ್ದರು. ಇಳಿದದ್ದು ಸುಮಾರು 31 ಸಾವಿರ! ಮುನ್ನಂದಾಜು ಅರ್ಧಕ್ಕೂ ಹೆಚ್ಚು ತಪ್ಪಿದರೂ ಗ್ರಿಡ್ ಬೀಳಲಿಲ್ಲ. ಎಣಿಕೆ ತಪ್ಪಬಹುದೆಂಬ ಎಣಿಕೆಯೂ ಅವರಲ್ಲಿತ್ತು: ಬೇಗನೆ ತಗ್ಗಿಸಿ ಬೇಗನೆ ಏರಿಸಬಲ್ಲ ಜಲವಿದ್ಯುತ್ತನ್ನು ಸಂಜೆಯಿಂದಲೇ ಸಜ್ಜಾಗಿಟ್ಟಿದ್ದರು. ಕೆಲವೇ ನಿಮಿಷಗಳಲ್ಲಿ ಸುಮಾರು 17,500 ಮೆಗಾವ್ಯಾಟ್ ಜಲವಿದ್ಯುತ್ ಇಳಿಸಿ, ದೀಪ ಹೊತ್ತಿದಂತೆ ಮತ್ತೆ ಏರಿಸಿದರು.

ಬಿಸಿಲು, ಗಾಳಿಯ ವಿದ್ಯುತ್ ಹೆಚ್ಚಿದಂತೆ ಹಳೆಯ ಸಮಸ್ಯೆ ಹೊಸ ಅಂಗಿ ತೊಟ್ಟು ಬಂದಿದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನ ಮೇಲೆ ಮೋಡ ಕವಿದರೆ ಆ ಕೊರತೆಯನ್ನು ಆಗಿಂದಾಗ್ಗೆ ಬೇರೆಲ್ಲಿಂದಲೋ ತುಂಬಬೇಕು. ಪವನ, ಸೌರ ಉತ್ಪಾದಕರೇ ಮುನ್ನಂದಾಜು ಕೊಡಬೇಕೆಂಬ ನಿಯಮವನ್ನು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ತಂದಿತು; ಶೇ. 15ರವರೆಗಿನ ತಪ್ಪಿಗೆ ಮಾಫಿ, ಅದರಾಚೆಗೆ ಯೂನಿಟ್ಟಿಗೆ ಐವತ್ತು ಪೈಸೆಯಿಂದ ಶುರುವಾಗಿ ಏರುವ ದಂಡ. ಉಪಗ್ರಹದ ಮೋಡಚಿತ್ರ ನೋಡಿ ಲೆಕ್ಕ ಹಾಕಿಕೊಡುವ ಕಂಪನಿಗಳಿಗೆ ಇದರಿಂದ ಕೈತುಂಬ ಕೆಲಸ ಸಿಕ್ಕಿತು.

ಇಷ್ಟೆಲ್ಲ ಸಲಕರಣೆ ಇದ್ದರೂ 2023ರ ಬರ ರಾಜ್ಯವನ್ನು ಹಳೆಯ ಕಷ್ಟಕ್ಕೇ ತಂದು ನಿಲ್ಲಿಸಿತು. ಮಳೆ ಕೈಕೊಟ್ಟಾಗ ಜಲಾಶಯ ಬರಿದಾಗುತ್ತದೆ. ಅದೇ ಹೊತ್ತಿಗೆ ರೈತ ಬೆಳೆ ಉಳಿಸಿಕೊಳ್ಳಲು ಬೋರ್‌ವೆಲ್ಲಿನ ಮೋಟಾರ್ ಹಾಕುತ್ತಾನೆ. ಪೂರೈಕೆಯ ತಪ್ಪೂ ಬೇಡಿಕೆಯ ತಪ್ಪೂ ಒಂದೇ ದಿಕ್ಕಿಗೆ ಬೀಳುತ್ತವೆ, ಒಂದು ಇನ್ನೊಂದನ್ನು ಸರಿದೂಗಿಸುವುದಿಲ್ಲ. ಆ ಅಕ್ಟೋಬರ್‌ನಲ್ಲಿ ಹೊಲಗಳಿಗೆ ಏಳು ತಾಸಿನ ತ್ರೀ-ಫೇಸ್ ಐದು ತಾಸಿಗೆ ಇಳಿಯಿತು, ರೈತರು ಬೀದಿಗಿಳಿದರು, ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರ ವಿದ್ಯುತ್ ಹೊರರಾಜ್ಯಕ್ಕೆ ಹೋಗದಂತೆ ತಡೆಯಿತು.

ಹತ್ತು ಎಚ್.ಪಿ.ವರೆಗಿನ ಆ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಅವುಗಳಲ್ಲಿ ಬಹುಪಾಲಿಗೆ ಮೀಟರ್ ಇಲ್ಲ. ಅವು ಎಷ್ಟು ಬಳಸಿದವೆಂಬುದನ್ನು ಈಗಲೂ ಫೀಡರಿನ ರೀಡಿಂಗ್ ನೋಡಿ ಅಂದಾಜಿನಲ್ಲೇ ಬರೆದುಕೊಳ್ಳಲಾಗುತ್ತದೆ.