ಸಕ್ಕರೆ ಕಾಯಿಲೆಯೂ ಹೃದಯವೂ: ತಡವಾಗಿ ಬಂದ ಅರಿವು

ಮಧುಮೇಹವನ್ನು ನಾವು ಶತಮಾನಗಳ ಕಾಲ ಮೂತ್ರದ ಸಿಹಿಯಿಂದಲೇ ಗುರುತಿಸಿದೆವು; ಆಯುರ್ವೇದವಿತ್ತ ಹೆಸರೂ ಅದನ್ನೇ ಸೂಚಿಸುತ್ತದೆ. 1922ರಲ್ಲಿ ಟೊರಾಂಟೋದ ಬಾಲಕನೊಬ್ಬನನ್ನು ಇನ್ಸುಲಿನ್ ಉಳಿಸಿತು. ರೋಗಿಗಳ ಆಯುಷ್ಯ ಹೆಚ್ಚಿದಂತೆ ಹೃದಯದ ಹಾನಿ ಮುನ್ನೆಲೆಗೆ ಬಂದಿತು. ಕಾರಣ ರಕ್ತನಾಳದ ತಡೆಯೊಂದೇ ಅಲ್ಲ: ಹೃದಯಧಮನಿಗಳು ತೆರೆದಿದ್ದರೂ ನಾಲ್ವರು ಮಧುಮೇಹಿಗಳ ಹೃದಯ ಸೋತುದನ್ನು 1972ರಲ್ಲಿ ರೂಬ್ಲರ್ ಮತ್ತು ಸಂಗಡಿಗರು ದಾಖಲಿಸಿದರು. ಹೃದಯವೈಫಲ್ಯದ ಅಪಾಯ ಮಧುಮೇಹಿ ಪುರುಷರಲ್ಲಿ ಇಮ್ಮಡಿಗೂ ಮಿಗಿಲು, ಸ್ತ್ರೀಯರಲ್ಲಿ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1974ರಲ್ಲಿ ತಿಳಿಸಿತು. 1988ರಲ್ಲಿ ಜೆರಾಲ್ಡ್ ರೀವನ್ ಇನ್ಸುಲಿನ್ ಪ್ರತಿರೋಧ, ರಕ್ತದೊತ್ತಡ, ರಕ್ತದ ಕೊಬ್ಬಿನ ಏರುಪೇರುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದರು. ಸಕ್ಕರೆಯ ಅಂಕಿಯೊಂದನ್ನೇ ಕಂಡು ನೆಮ್ಮದಿಪಡುವ ನಾವು, ಹಿರಿಯರ ಏದುಸಿರನ್ನೂ ಕಾಲಿನ ಬಾವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದೆಂಬುದೇ ಈ ಚರಿತ್ರೆಯ ಪಾಠ.