ವಿಮಾನದ ರಿಯಲ್‌ಟೈಮ್ ಸಾಫ್ಟ್‌ವೇರ್: ಗಣಿತೀಯ ಪರಿಶೀಲನೆಯ ಇತಿಹಾಸ

ವಿಮಾನವನ್ನು ನಿಯಂತ್ರಿಸುವ ಸಾಫ್ಟ್‌ವೇರ್ ತಪ್ಪುವುದಿಲ್ಲ, ಗಡುವು ಮೀರುವುದಿಲ್ಲ ಎಂಬುದನ್ನು ಪರೀಕ್ಷೆಗಷ್ಟೇ ಬಿಡದೆ ತರ್ಕದಿಂದ ಸಾಧಿಸಿ ತೋರಿಸುವ ವಿಧಾನವಿದು. ಇಲ್ಲಿ ಸರಿಯಾದ ಉತ್ತರವೂ ತಡವಾಗಿ ಬಂದರೆ ತಪ್ಪೇ.

ವಿಮಾನವನ್ನೇ ಉರುಳಿಸಬಲ್ಲ ದೋಷ ನೂರು ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತಲೂ ಅಪರೂಪವಾಗಿರಬೇಕೆಂಬುದು ನಾಗರಿಕ ವಿಮಾನಯಾನದ ಅಳತೆಗೋಲು. ಒಂದು ಕಂಪ್ಯೂಟರನ್ನು ಅಷ್ಟು ಗಂಟೆ ಓಡಿಸಿ ನೋಡಲು ಸುಮಾರು 1,14,000 ವರ್ಷ ಬೇಕು. ನಾಸಾದ ಬಟ್ಲರ್ ಮತ್ತು ಫಿನೆಲಿ 1990ರ ದಶಕದ ಆರಂಭದಲ್ಲಿ ಇದನ್ನು ಲೆಕ್ಕಸಮೇತ ವಾದಿಸಿದರು.

ಅದಕ್ಕೂ ಮೊದಲೇ, 1970ರ ದಶಕದಲ್ಲಿ, ನಾಸಾದ ನೆರವಿನಿಂದ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆ, ಹಲವು ಕಂಪ್ಯೂಟರುಗಳು ಜೊತೆಯಾಗಿ ಕೆಲಸ ಮಾಡುವ ‘ಸಿಫ್ಟ್’ ಎಂಬ ವಿಮಾನ ಕಂಪ್ಯೂಟರ್ ವ್ಯವಸ್ಥೆಯನ್ನು ರೂಪಿಸಿತ್ತು. ಕೆಟ್ಟ ಕಂಪ್ಯೂಟರೊಂದು ಜೊತೆಗಾರರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹೇಳಿದರೆ ಉಳಿದವು ಒಮ್ಮತಕ್ಕೆ ಬರುವುದು ಹೇಗೆ? ಮೂರು ಕಂಪ್ಯೂಟರುಗಳಿಗೆ ಇದು ಅಸಾಧ್ಯ, ನಾಲ್ಕು ಬೇಕೇ ಬೇಕು ಎಂದು ಪೀಸ್, ಶೋಸ್ಟಾಕ್, ಲ್ಯಾಂಪೋರ್ಟ್ 1980ರಲ್ಲಿ ಸಾಧಿಸಿದರು. ಸಿಫ್ಟ್ ಯಾವ ಪ್ರಯಾಣಿಕ ವಿಮಾನವನ್ನೂ ಏರಲಿಲ್ಲ. ಅದು ಹುಟ್ಟಿಸಿದ ಈ ಪ್ರಮೇಯ ಮಾತ್ರ ಕಂಪ್ಯೂಟರ್ ವಿಜ್ಞಾನದ ಪಠ್ಯಗಳಲ್ಲಿ ನೆಲೆಯೂರಿತು.

1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ಡಿಜಿಟಲ್ ನಿಯಂತ್ರಣದ ಮೊದಲ ಪ್ರಯಾಣಿಕ ಜೆಟ್. ಅದು ಮುಖ್ಯವಾಗಿ ಆತುಕೊಂಡದ್ದು ಗಣಿತವನ್ನಲ್ಲ, ಭಿನ್ನತೆಯನ್ನು: ಬೇರೆ ಬೇರೆ ಪ್ರೊಸೆಸರುಗಳ ಮೇಲೆ, ಬೇರೆ ಬೇರೆ ತಂಡಗಳು ಬರೆದ ಪ್ರೋಗ್ರಾಮುಗಳು.

ಗಣಿತದ ದೊಡ್ಡ ಗೆಲುವು ಬಂದದ್ದು ಪ್ಯಾರಿಸ್ಸಿನಿಂದ. ಪ್ಯಾಟ್ರಿಕ್ ಕೂಸೋ ಮತ್ತು ರಾಧಿಯಾ ಕೂಸೋ 1977ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇಷ್ಟು: ಪ್ರೋಗ್ರಾಮನ್ನು ಓಡಿಸದೆಯೇ, ಪ್ರತಿ ಚರಾಂಕ ಯಾವ ಎಲ್ಲೆಯೊಳಗೆ ಇರಬಲ್ಲದೆಂದು ಲೆಕ್ಕ ಹಾಕುತ್ತ ಹೋಗುವುದು. ಎಲ್ಲೆಯನ್ನು ಅಗಲವಾಗಿ ಎಳೆದರೆ ತಪ್ಪು ಕಣ್ಣು ತಪ್ಪಿಸದು, ಆದರೆ ಸುಳ್ಳು ಎಚ್ಚರಿಕೆಗಳು ರಾಶಿ ಬೀಳುತ್ತವೆ. ಅಂಥ ರಾಶಿಯನ್ನು ಜರಡಿ ಹಿಡಿಯಲು ಯಾವ ಎಂಜಿನಿಯರಿಗೂ ಪುರಸೊತ್ತಿಲ್ಲ. 2001ರಲ್ಲಿ ಶುರುವಾದ ‘ಆಸ್ಟ್ರೆ’ ಯೋಜನೆ ಏರ್‌ಬಸ್ ಸಾಫ್ಟ್‌ವೇರಿನ ಫಿಲ್ಟರುಗಳ, ಎಣಿಕೆಗಳ ಸ್ವಭಾವವನ್ನೇ ಅರಿತು ಎಲ್ಲೆಗಳನ್ನು ಬಿಗಿಗೊಳಿಸಿತು. 2003ರ ನವೆಂಬರಿನಲ್ಲಿ ಎ340ರ ಮುಖ್ಯ ನಿಯಂತ್ರಣದ 1,32,000 ಸಾಲುಗಳ ಸಿ ಪ್ರೋಗ್ರಾಮಿನಲ್ಲಿ ಶೂನ್ಯದಿಂದ ಭಾಗಿಸುವುದು, ಅಂಕಿ ತುಂಬಿ ಹರಿಯುವುದು ಮುಂತಾದ ದೋಷಗಳಿಲ್ಲವೆಂದು ಸಾಧಿಸಿತು; ಸುಳ್ಳು ಎಚ್ಚರಿಕೆ ಒಂದೂ ಇರಲಿಲ್ಲ. ಸಾಮಾನ್ಯ ಪಿಸಿಯೊಂದು ತೆಗೆದುಕೊಂಡ ಸಮಯ 1 ಗಂಟೆ 20 ನಿಮಿಷ. ಮುಂದೆ ಎ380ರ ಸರದಿ ಬಂತು. ಗಡುವಿನ ಪ್ರಶ್ನೆಗೆ ಜರ್ಮನಿಯ ಸಾರ್‌ಬ್ರುಕೆನ್‌ನಲ್ಲಿ ಬೆಳೆದ ‘ಎಐಟಿ’ ಉಪಕರಣ ಉತ್ತರ ಕೊಟ್ಟಿತು. ಪ್ರೊಸೆಸರಿನ ಕ್ಯಾಶ್, ಪೈಪ್‌ಲೈನುಗಳನ್ನೂ ಲೆಕ್ಕಕ್ಕೆ ಹಿಡಿದು ಅತಿ ಹೆಚ್ಚು ಎಷ್ಟು ಸಮಯ ಹಿಡಿದೀತೆಂದು ಅದು ಹೇಳುತ್ತದೆ.

2011ರ ಡಿಒ-178ಸಿ ಮಾನದಂಡ ಮತ್ತು ಅದರ ಪೂರಕವಾದ ಡಿಒ-333 ಬಂದ ಮೇಲೆ ಕೆಲವು ಪರೀಕ್ಷೆಗಳ ಬದಲು ಗಣಿತೀಯ ಸಾಧನೆಯನ್ನು ಒಪ್ಪಿಸುವ ದಾರಿ ಅಧಿಕೃತವಾಯಿತು. ಆದರೂ ನಿಜವಾದ ಯಂತ್ರದ ಮೇಲಿನ ಪರೀಕ್ಷೆ ತಪ್ಪಿದ್ದಲ್ಲ.

ಇಂಥ ಸಾಧನೆಗಳಲ್ಲಿ ಯಂತ್ರ ಎಷ್ಟು ಹೊತ್ತು ಸತತವಾಗಿ ಓಡೀತೆಂಬ ಮಿತಿಯನ್ನು ಮನುಷ್ಯರೇ ಮೊದಲು ಒದಗಿಸಬೇಕಾಗುತ್ತದೆ. ಅದು ಸಣ್ಣ ಸಂಗತಿಯಲ್ಲ. ಬೋಯಿಂಗ್ 787ರ ಜನರೇಟರ್ ನಿಯಂತ್ರಕದಲ್ಲಿ 248 ದಿನ ವಿದ್ಯುತ್ ಆರಿಸದೆ ಬಿಟ್ಟರೆ ಒಳಗಿನ ಎಣಿಕೆ ತುಂಬಿ ಹರಿಯುತ್ತದೆಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಬಂತು. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಹೊರಡಿಸಿದ ಆದೇಶ: ಆಗಾಗ ವಿದ್ಯುತ್ತನ್ನು ಪೂರ್ತಿ ಆರಿಸಿ, ಮತ್ತೆ ಹಾಕಿ.